25 ಸಾವಿರ ರೂಪಾಯಿಯೊಳಗೆ ಮೊದಲ ಕ್ಯಾಮೆರಾ

ಪ್ರಶ್ನೆ: ನಾನು ಪತ್ರಿಕೋದ್ಯಮ ಪದವಿಯ ಎರಡನೇ ವರ್ಷದ ವಿದ್ಯಾರ್ಥಿನಿ. ಈ ಸೆಮಿಸ್ಟರ್‌ನಲ್ಲಿ ಛಾಯಾಗ್ರಹಣ ತರಗತಿಯಿದ್ದು, ಮ್ಯಾನುವಲ್ ಮೋಡ್ (ಬೆಳಕಿನ ಹೊಂದಾಣಿಕೆಯನ್ನು ನಾವೇ ಮಾಡುವ ವ್ಯವಸ್ಥೆ) ಇರುವ ಕ್ಯಾಮೆರಾ ತರಬೇಕೆಂದು ಉಪನ್ಯಾಸಕರು ಹೇಳಿದ್ದಾರೆ. ಮನೆಯಲ್ಲಿ 25 ಸಾವಿರ ರೂಪಾಯಿ ಕೊಡಲು ಒಪ್ಪಿದ್ದಾರೆ. ಅಂಗಡಿಯವರು 60 ಪಟ್ಟು ಝೂಮ್ ಇರುವ, ಲೆನ್ಸ್ ಬಿಚ್ಚಲು ಬಾರದ ಹೊಸ ಕ್ಯಾಮೆರಾ ತೋರಿಸುತ್ತಾರೆ; ಸೋದರಮಾವ ಬಳಸಿದ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳು ಎನ್ನುತ್ತಾರೆ. ಯಾವುದು ಸರಿ?
– ಓದುಗಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಸೋದರಮಾವನ ಮಾತೇ ಸರಿ. ಅಂಗಡಿಯವರು ತೋರಿಸಿದ ಕ್ಯಾಮೆರಾದ ಡಯಲ್ ಮೇಲೂ ಮ್ಯಾನುವಲ್ ಮೋಡ್‌ನ ಗುರುತು ಇರಬಹುದು, ಆದರೆ ಅದರಿಂದ ನೀವು ಕಲಿಯುವುದು ಕಡಿಮೆ. ಅಂಥ ಕ್ಯಾಮೆರಾಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಸಾಮಾನ್ಯವಾಗಿ 6.2 × 4.6 ಮಿ.ಮೀ. ಅಳತೆಯದು; ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ವಿಸ್ತೀರ್ಣದಲ್ಲಿ ಅದರ 12–13 ಪಟ್ಟು ದೊಡ್ಡದು. ಸೆನ್ಸರ್ ಅಷ್ಟು ಚಿಕ್ಕದಾದಾಗ, ಝೂಮ್ ಮಾಡದೆ ತೆಗೆದ ಚಿತ್ರದಲ್ಲಿ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಹಿಗ್ಗಿಸಿದರೂ ಕುಗ್ಗಿಸಿದರೂ ಹಿನ್ನೆಲೆ ಹೆಚ್ಚುಕಡಿಮೆ ಒಂದೇ ತೆರನಾಗಿ ಸ್ಪಷ್ಟವಾಗಿರುತ್ತದೆ. ಅಪರ್ಚರ್ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದೇ ಮೊದಲ ಪಾಠವಾಗಿರುವಾಗ, ಆ ವ್ಯತ್ಯಾಸವನ್ನೇ ತೋರಿಸದ ಕ್ಯಾಮೆರಾದಿಂದ ಪ್ರಯೋಜನವೇನು?

ಬಳಸಿದ ಕ್ಯಾಮೆರಾಗಳ ಪೈಕಿ ನಿಕಾನ್ ಡಿ3300, ಡಿ3400 ಅಥವಾ ಕ್ಯಾನನ್ 1300ಡಿ, 1500ಡಿ ಇವುಗಳನ್ನು ಕ್ಯಾಮೆರಾದ ಜೊತೆಗೇ ಬರುವ 18–55 ಎಂಎಂ ಕಿಟ್ ಲೆನ್ಸ್ ಸಹಿತ ಹುಡುಕಿ. ಮೆಗಾಪಿಕ್ಸೆಲ್ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎ4 ಅಳತೆಯ ಉತ್ತಮ ಮುದ್ರಣಕ್ಕೆ 9 ಮೆಗಾಪಿಕ್ಸೆಲ್ ಸಾಕು, ಇವುಗಳಲ್ಲಿ ಅತಿ ಕಡಿಮೆ ಇರುವ 1300ಡಿಯಲ್ಲಿಯೂ 18 ಇವೆ. ಇಡೀ ಹಣವನ್ನು ಕ್ಯಾಮೆರಾಗೇ ಸುರಿಯದೆ ಒಂದಷ್ಟನ್ನು ಎಫ್ 1.8ರ ಲೆನ್ಸಿಗೆಂದು ಉಳಿಸಿಕೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು). ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ 10 ಪಟ್ಟು ಬೆಳಕನ್ನು ಒಳಗೆ ಬಿಡುವುದರಿಂದ, ಅಡುಗೆಮನೆಯ ಒಂದೇ ಕಿಟಕಿಯ ಬೆಳಕಿನಲ್ಲಿ ಅಜ್ಜಿಯ ಮುಖವನ್ನು ಫ್ಲಾಶ್ ಇಲ್ಲದೆ ತೆಗೆಯಬಹುದು. ಇಲ್ಲಿ ನಿಕಾನ್ ಕೊಳ್ಳುವವರು ಎಡವುವುದುಂಟು: ಮೇಲೆ ಹೇಳಿದ ನಿಕಾನ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲದ ಕಾರಣ, ಅಗ್ಗವಾಗಿ ಸಿಗುವ ಹಳೆಯ 'ಎಎಫ್-ಡಿ' ಲೆನ್ಸುಗಳು ಅವುಗಳ ಮೇಲೆ ತಾವಾಗಿಯೇ ಫೋಕಸ್ ಆಗುವುದಿಲ್ಲ. ಲೆನ್ಸಿನ ಮೇಲೆ 'ಎಎಫ್-ಎಸ್' ಎಂದಿದೆಯೇ ಎಂದು ನೋಡಿಯೇ ಕೊಳ್ಳಿ.

ಬಳಸಿದ್ದನ್ನು ಪರೀಕ್ಷಿಸಲು ಅರ್ಧ ಗಂಟೆ ಬೇಕು, ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ. ಲೆನ್ಸನ್ನು ಬಿಚ್ಚಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯ ಎಳೆಗಳಂಥದ್ದು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಬಳಿಕ ಲೆನ್ಸ್ ಜೋಡಿಸಿ ಎಫ್ 16ರಲ್ಲಿ ಬರಿಯ ಆಕಾಶದ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಅದನ್ನು ಸ್ವಚ್ಛಗೊಳಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ನಿಕಾನ್ ಆದರೆ ಅದೇ ಚಿತ್ರದ ಮಾಹಿತಿಯೊಳಗೆ ಶಟರ್ ಎಷ್ಟು ಬಾರಿ ಬಡಿದಿದೆ, ಅಂದರೆ ಈವರೆಗೆ ಎಷ್ಟು ಚಿತ್ರ ತೆಗೆಯಲಾಗಿದೆ ಎಂಬ ಸಂಖ್ಯೆಯೂ ಇರುತ್ತದೆ. ಕ್ಯಾನನ್ ಅದನ್ನು ಚಿತ್ರದಲ್ಲಿ ದಾಖಲಿಸುವುದಿಲ್ಲವಾದ್ದರಿಂದ ಗ್ರಿಪ್ಪಿನ ರಬ್ಬರ್ ಸವೆದಿರುವುದನ್ನು ನೋಡಿ ಬಳಕೆ ಎಷ್ಟಾಗಿದೆ ಎಂದು ಅಂದಾಜು ಮಾಡಬೇಕು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರನ್ನು ಕ್ಯಾಮೆರಾದ ತಳದಲ್ಲಿರುವುದರೊಂದಿಗೆ ತಾಳೆ ನೋಡುವುದನ್ನು ಮರೆಯಬೇಡಿ.

ನಿಮ್ಮದು ಮಲೆನಾಡಾದ್ದರಿಂದ ಇನ್ನೊಂದು ಮಾತು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಬೀರುವಿನೊಳಗೆ ಸೇರಿಸಿದರೆ ಆಷಾಢ ಕಳೆಯುವಷ್ಟರಲ್ಲಿ ಲೆನ್ಸಿಗೆ ಫಂಗಸ್ ಹಿಡಿದೀತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹರಳುಗಳೊಂದಿಗೆ ಇಡಿ. ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ, ಸಣ್ಣ ಉರಿಯ ಮೇಲೆ, ಮತ್ತೆ ನೀಲಿಯಾಗುವವರೆಗೆ ಬಿಸಿಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿಡಿ.