ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನವನ್ನು ಪೂರ್ತಿ ಒಬ್ಬರೇ ಏರ್ ಟ್ರಾಫಿಕ್ ಕಂಟ್ರೋಲರ್ (ನೆಲದಿಂದ ಪೈಲಟ್‌ಗೆ ಸೂಚನೆ ಕೊಡುವವರು) ನೋಡಿಕೊಳ್ಳುತ್ತಾರಾ?

ಇಲ್ಲ. ದಾರಿಯುದ್ದಕ್ಕೂ ಕೈ ಬದಲಾಗುತ್ತಲೇ ಇರುತ್ತದೆ.

ಕೆಂಪೇಗೌಡ ನಿಲ್ದಾಣವನ್ನು ನಡೆಸುವುದು ಬಿಐಎಎಲ್ ಕಂಪನಿ. ಆದರೆ ಅಲ್ಲಿನ ಏರ್ ಟ್ರಾಫಿಕ್ ಕಂಟ್ರೋಲ್ ಕೇಂದ್ರ ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರದ ಕೆಲಸ. ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ.

ಹೊರಡುವ ಮುಂಚೆ ಪೈಲಟ್ ಕ್ಲಿಯರೆನ್ಸ್, ಅಂದರೆ ಅನುಮತಿ ಕೇಳುತ್ತಾರೆ. ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಲ್ಲಿ ಓಡಾಡಿಸುವುದು ಗ್ರೌಂಡ್ ಕಂಟ್ರೋಲರ್. ರನ್‌ವೇ ಮಾತ್ರ ಟವರ್ ಕಂಟ್ರೋಲರ್ ಕೈಯಲ್ಲಿ. ಅವರು ಹೂಂ ಅನ್ನದೆ ವಿಮಾನವಾಗಲಿ, ನಿಲ್ದಾಣದ ಜೀಪಾಗಲಿ ಅದರ ಮೇಲೆ ಬರುವಂತಿಲ್ಲ. ಈ ಕಟ್ಟುನಿಟ್ಟು ಬೇಕೇ ಬೇಕು, ಯಾಕಂದ್ರೆ ಅತಿ ಭೀಕರ ಅಪಘಾತಗಳಲ್ಲಿ ಕೆಲವು ರನ್‌ವೇ ಮೇಲೆಯೇ ಆಗಿವೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನ ಅನುಮತಿ ಇಲ್ಲದೆ ಟೇಕಾಫ್‌ಗೆ ಓಡಿತ್ತು.

ಮೇಲೆದ್ದ ಮೇಲೆ ರೇಡಾರ್ ನೋಡುವ ಅಪ್ರೋಚ್ ಘಟಕ, ಆಮೇಲೆ ನಿಲ್ದಾಣದಿಂದ ದೂರದ ದಾರಿ ನೋಡಿಕೊಳ್ಳುವ ಏರಿಯಾ ಕಂಟ್ರೋಲ್. ಭಾರತದ ಆಕಾಶವನ್ನು ಮುಖ್ಯವಾಗಿ ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ ಎಂದು ಹಂಚಿದ್ದಾರೆ. ಬೆಂಗಳೂರು ಬರುವುದು ಚೆನ್ನೈ ಭಾಗಕ್ಕೆ. ನಾಗ್ಪುರದ ಕಡೆಗೆ ಹೋದರೆ ಮುಂಬೈ ಭಾಗ, ಕೊನೆಗೆ ದೆಹಲಿ. ಒಂದೊಂದು ಭಾಗದೊಳಗೂ ಹಲವು ಸೆಕ್ಟರ್‌ಗಳು, ಒಂದೊಂದಕ್ಕೂ ಬೇರೆ ಕಂಟ್ರೋಲರ್, ಬೇರೆ ರೇಡಿಯೋ ಫ್ರೀಕ್ವೆನ್ಸಿ.

ಸೆಕ್ಟರ್ ದಾಟುವಾಗ ಕಂಟ್ರೋಲರ್ ಹೊಸ ಫ್ರೀಕ್ವೆನ್ಸಿ ಹೇಳುತ್ತಾರೆ. ಪೈಲಟ್ ಅದನ್ನೇ ತಿರುಗಿ ಒಪ್ಪಿಸುತ್ತಾರೆ. ಸುಮ್ನೆ ‘ಸರಿ’ ಅಂದರೆ ಸಾಲದು. ಒಂದು ಅಂಕಿ ತಪ್ಪಿದರೂ ಕಂಟ್ರೋಲರ್ ತಕ್ಷಣ ತಿದ್ದುತ್ತಾರೆ.