ಮನೆ ಲೆಕ್ಕದ ತಂತ್ರಾಂಶ: ಹೊಸ ಆವೃತ್ತಿಗೆ ಹೋಗುವುದು ಯಾವಾಗ?

ಪ್ರಶ್ನೆ: ಸರ್, ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ. 2014ರಿಂದ ಮನೆಯ ಜಮಾ-ಖರ್ಚು, ಎಫ್‌ಡಿ, ಎಲ್‌ಐಸಿ, ಮ್ಯೂಚುವಲ್ ಫಂಡ್ ಎಲ್ಲವನ್ನೂ ಗ್ನೂಕ್ಯಾಶ್ ಎಂಬ ಉಚಿತ ಲೆಕ್ಕದ ತಂತ್ರಾಂಶದಲ್ಲಿ ಬರೆದಿಡುತ್ತಿದ್ದೇನೆ. ಕಂಪ್ಯೂಟರ್ ಹಳೆಯದು, ವಿಂಡೋಸ್ 7. ಗ್ನೂಕ್ಯಾಶ್ 2.6 ಹಾಕಿದವನು ಆಮೇಲೆ ಬದಲಿಸಿಯೇ ಇಲ್ಲ. ಈಗ ಮಗ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. “ಮೂರು ತಿಂಗಳಿಗೊಮ್ಮೆ ಹೊಸದು ಬರುತ್ತೆ ಅಪ್ಪ, ಬಂದ ಹಾಗೆಲ್ಲ ಹಾಕ್ಕೊಳ್ತಾ ಇರಿ” ಅನ್ನುತ್ತಾನೆ. ಇಷ್ಟು ವರ್ಷದ ಲೆಕ್ಕ ಕೈತಪ್ಪಿ ಹೋದೀತೆಂಬ ಭಯ ನನಗೆ. ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಮಾಡಿದರೆ ಸರಿ?

ಉತ್ತರ: ನಿಮ್ಮಂಥವರಿಗೆ ವರ್ಷಕ್ಕೊಮ್ಮೆ ಸಾಕು. ತಿಂಗಳನ್ನೂ ಹೇಳಿಬಿಡುತ್ತೇನೆ: ಆಗಸ್ಟ್. ಮಾರ್ಚ್ 31ರ ಲೆಕ್ಕ ಮುಗಿದಿರುತ್ತದೆ, ಬ್ಯಾಂಕಿನ ಬಡ್ಡಿ ಪತ್ರಗಳು ಕೈಸೇರಿರುತ್ತವೆ, ಆದಾಯ ತೆರಿಗೆ ರಿಟರ್ನ್ ಹೋಗಿರುತ್ತದೆ. ಏನಾದರೂ ಎಡವಟ್ಟಾದರೂ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಮಾರ್ಚ್ ಕೊನೆಯಲ್ಲೋ ಜುಲೈ ಕೊನೆಯಲ್ಲೋ ಹೊಸ ಆವೃತ್ತಿಗೆ ಕೈಹಾಕಬೇಡಿ.

ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಗ್ನೂಕ್ಯಾಶ್ ಸುಮಾರು ಮೂರು ತಿಂಗಳಿಗೊಮ್ಮೆ ಸಣ್ಣ ತಿದ್ದುಪಡಿಗಳನ್ನು ಬಿಡುತ್ತದೆ. ದೊಡ್ಡ ಆವೃತ್ತಿಗಳು ಮಾತ್ರ ಅಪರೂಪ: 2.6 ಬಂದದ್ದು 2013ರ ಕೊನೆಗೆ, 3.0 ಬಂದದ್ದು 2018ರಲ್ಲಿ, 4.0 ಬಂದದ್ದು 2020ರಲ್ಲಿ, 5.0 ಬಂದದ್ದು 2023ರಲ್ಲಿ. ಎಚ್ಚರ ಬೇಕಾದದ್ದು ಈ ದೊಡ್ಡ ಜಿಗಿತಗಳಲ್ಲಿ. ಹೊಸ ಆವೃತ್ತಿಯಲ್ಲಿ ಒಮ್ಮೆ ಉಳಿಸಿದ ಕಡತವನ್ನು ತೀರಾ ಹಳೆಯ ಆವೃತ್ತಿ ತೆರೆಯದೇ ಹೋಗಬಹುದು. ಮುಂದೆ ಹೋಗುವುದು ಸುಲಭ, ಹಿಂದೆ ಬರುವುದು ಕಷ್ಟ. ಆದ್ದರಿಂದ 4.0, 5.0ರಂಥ ದೊಡ್ಡ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ. ಅದರ ಮೇಲೆ ಎರಡು ಮೂರು ತಿದ್ದುಪಡಿ ಬರುವವರೆಗೆ ಕಾಯಿರಿ.

ನಿಮ್ಮದು ಈಗ ಮೂರು ಮೆಟ್ಟಿಲು ಹಿಂದೆ ಉಳಿದಿದೆ. 2.6ರಿಂದ ನೇರವಾಗಿ 5ಕ್ಕೆ ಹಾರಬೇಡಿ. ಪ್ರತಿ ಸರಣಿಯ ಕೊನೆಯ ಆವೃತ್ತಿಯಲ್ಲಿ ಒಮ್ಮೆ ತೆರೆದು, ಉಳಿಸಿ, ಮುಂದಕ್ಕೆ ಹೋಗಿ. ಅಂದರೆ 2.6.21, ಆಮೇಲೆ 3.11, ಆಮೇಲೆ 4.14, ಕೊನೆಗೆ 5. ಒಂದು ಮಧ್ಯಾಹ್ನದ ಕೆಲಸ. ಶುರು ಮಾಡುವ ಮುನ್ನ ಹಳೆಯ ಕಂಪ್ಯೂಟರಿನಲ್ಲೇ ಕಡತದ ಎರಡು ಪ್ರತಿ ತೆಗೆಯಿರಿ. ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಮಗನ ಹತ್ತಿರ. ಗ್ನೂಕ್ಯಾಶ್ ತಾನೇ ಬ್ಯಾಕಪ್ ಇಡುತ್ತದೆ ನಿಜ. ದಿನಾಂಕ ಅಂಟಿಕೊಂಡ ಕಡತಗಳನ್ನು ಅದೇ ಫೋಲ್ಡರಿನಲ್ಲಿ ನೋಡಿರುತ್ತೀರಿ. ಆದರೆ ನೀವು ಬದಲಿಸದ ಹೊರತು ಅವು 30 ದಿನ ಮಾತ್ರ ಇರುತ್ತವೆ, ಅದೂ ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಎಲ್ಲವೂ ಹೋದಂತೆ.

ಇನ್ನು ತಾಳೆ ನೋಡುವ ಕೆಲಸ. ಹಳೆಯದರಲ್ಲಿ ಕಳೆದ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಮುದ್ರಿಸಿ. ಹೊಸದರಲ್ಲಿ ಪ್ರತಿಯನ್ನು ತೆರೆದು ಅದೇ ದಿನಾಂಕದ ಬ್ಯಾಲೆನ್ಸ್ ಶೀಟ್ ಮುದ್ರಿಸಿ. ಎರಡೂ ಹಾಳೆ ಮೇಜಿನ ಮೇಲಿಟ್ಟು, ಒಂದೊಂದು ಖಾತೆಯ ಶಿಲ್ಕನ್ನೂ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋಗಿ. ನಾನು 4ರಿಂದ 5ಕ್ಕೆ ಹೋದಾಗ ಒಟ್ಟು ಮೊತ್ತ ರೂಪಾಯಿಗೆ ರೂಪಾಯಿ ಕೂಡಿಬಂತು, ಆದರೆ ಉಳಿತಾಯ ಖಾತೆಯಲ್ಲಿ 5,000 ಕಡಿಮೆ, ಆರ್‌ಡಿಯಲ್ಲಿ 5,000 ಹೆಚ್ಚು. ಎದೆ ಧಸಕ್ಕೆಂದಿತು. ಕೊನೆಗೆ ನೋಡಿದರೆ, ಹೊಸ ವರದಿಯಲ್ಲಿ ನಾನು ಮಾರ್ಚ್ 31 ಎಂದು ಕೊಟ್ಟಿರಲಿಲ್ಲ, ಅದು ‘ಇಂದು’ ಎಂದೇ ಇತ್ತು. ಜೊತೆಗೆ ಕಡತ ತೆರೆದ ಕೂಡಲೇ ಗ್ನೂಕ್ಯಾಶ್ ಆ ತಿಂಗಳ ಆರ್‌ಡಿ ಕಂತನ್ನು ತಾನಾಗಿಯೇ ಬರೆದುಕೊಂಡಿತ್ತು. ತಿಂಗಳ ಕಂತುಗಳನ್ನು ಮೊದಲೇ ನಿಗದಿ ಮಾಡಿಟ್ಟವರಿಗೆಲ್ಲ ಇದು ಎದುರಾಗುತ್ತದೆ. ದಿನಾಂಕ ಸರಿಪಡಿಸಿದೆ, ಎರಡೂ ಹಾಳೆ ಒಂದಾದವು. ಗಾಬರಿಯಾಗುವ ಮುನ್ನ ದಿನಾಂಕ ನೋಡಿ. ಎಲ್ಲ ಕೂಡಿಬಂದ ಮೇಲೂ ಒಂದು ತಿಂಗಳು ಹಳೆಯ ಕಂಪ್ಯೂಟರನ್ನು ಹಾಗೆಯೇ ಇರಲು ಬಿಡಿ. ಅದನ್ನು ಇಂಟರ್ನೆಟ್‌ಗೆ ಮಾತ್ರ ಜೋಡಿಸಬೇಡಿ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಭದ್ರತಾ ತಿದ್ದುಪಡಿ 2020ರ ಜನವರಿ 14ಕ್ಕೇ ನಿಂತಿದೆ.

ವರ್ಷಕ್ಕೊಮ್ಮೆ ಎಂಬ ನನ್ನ ಮಾತು ಅನ್ವಯವಾಗದ ಸಂದರ್ಭಗಳೂ ಇವೆ. ವಿಂಡೋಸ್ ಮತ್ತು ಬ್ರೌಸರ್‌ನ ಅಪ್‌ಡೇಟ್ ಬಂದ ದಿನವೇ ಆಗಬೇಕು. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಓಡಾಡುವುದು ಅಲ್ಲಿ, ಲೆಕ್ಕದ ಪುಸ್ತಕದಲ್ಲಲ್ಲ. ಇನ್ನೊಂದು, ತೆರಿಗೆ ಲೆಕ್ಕ ಹಾಕಿಕೊಡುವ ತಂತ್ರಾಂಶ. 2024ರ ಜುಲೈ 23ರಿಂದ ಷೇರು ಮತ್ತು ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭದ ತೆರಿಗೆ ಶೇ 10ರಿಂದ 12.5ಕ್ಕೆ, ಅಲ್ಪಾವಧಿಯದು ಶೇ 15ರಿಂದ 20ಕ್ಕೆ ಏರಿತು. ಒಂದೇ ಹಣಕಾಸು ವರ್ಷದೊಳಗೆ ಎರಡು ದರ. ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ಲೆಕ್ಕವೇ ತಪ್ಪು. ಗ್ನೂಕ್ಯಾಶ್ ನಮ್ಮ ದೇಶದ ಈ ತೆರಿಗೆಯನ್ನು ಲೆಕ್ಕ ಹಾಕುವುದಿಲ್ಲ, ಹಾಗಾಗಿ ನಿಮಗೆ ಆ ಒತ್ತಡವಿಲ್ಲ. ಫಂಡ್‌ಗಳ ಎನ್‌ಎವಿಯನ್ನು (ಒಂದು ಯೂನಿಟ್‌ನ ಬೆಲೆ) ಅಂತರ್ಜಾಲದಿಂದ ತರಿಸಿಕೊಳ್ಳುತ್ತಿದ್ದರೆ ಮಾತ್ರ, ಅದನ್ನು ತರುವ ‘ಫೈನಾನ್ಸ್ ಕೋಟ್’ ಎಂಬುದು ಬೇರೆಯೇ ಸಾಧನ ಎಂದು ನೆನಪಿಡಿ. ಬೆಲೆ ಬರುವುದು ನಿಂತರೆ ಮೊದಲು ಅದನ್ನು ಹೊಸದು ಮಾಡಿ.

ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ತಂದೆ ಮನೆ ಕಟ್ಟಿದ ಲೆಕ್ಕವನ್ನೆಲ್ಲ, ಇಟ್ಟಿಗೆ ಲೋಡಿನಿಂದ ಗಾರೆಯವರ ಕೂಲಿಯವರೆಗೆ, ಒಂದು ಸಣ್ಣ ಕಂಪನಿಯ ತಂತ್ರಾಂಶದಲ್ಲಿ ಬರೆದಿಟ್ಟಿದ್ದರು. ಕಂಪನಿ ಮುಚ್ಚಿತು, ಸಿ.ಡಿ. ಕಳೆಯಿತು. ಕಡತ ಇವತ್ತಿಗೂ ನನ್ನ ಬಳಿ ಇದೆ, ಅದನ್ನು ತೆರೆಯುವ ಸಾಧನ ಇಲ್ಲ. ಉಳಿದದ್ದು ಅವರು ವರ್ಷಕ್ಕೊಮ್ಮೆ ಮುದ್ರಿಸಿ ಟ್ವೈನ್ ದಾರದಲ್ಲಿ ಕಟ್ಟಿಟ್ಟಿದ್ದ ಹಾಳೆಗಳು ಮಾತ್ರ. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡುವ ಅಂಗಡಿಯವರು ಹಳೆಯ ಕೀರ್ದಿಯನ್ನು ಮರುದಿನವೇ ರದ್ದಿಗೆ ಹಾಕುವುದಿಲ್ಲವಲ್ಲ, ಹಾಗೆ. ನಿಮ್ಮ ಅದೃಷ್ಟಕ್ಕೆ ಗ್ನೂಕ್ಯಾಶ್ ಕಡತ ಗುಟ್ಟಿನದಲ್ಲ. ಸಾಮಾನ್ಯವಾಗಿ ಅದು ಜಿಪ್‌ನಂತೆ ಕುಗ್ಗಿಸಿಟ್ಟ ಎಕ್ಸ್‌ಎಂಎಲ್ ಎಂಬ ಸಾದಾ ಪಠ್ಯ, ಬಿಡಿಸಿದರೆ ಯಾರು ಬೇಕಾದರೂ ಓದಬಹುದು. ಆದರೂ ಪ್ರತಿ ಆಗಸ್ಟ್‌ನಲ್ಲಿ ವಹಿವಾಟುಗಳನ್ನೆಲ್ಲ ಸಿಎಸ್‌ವಿ ಕಡತವಾಗಿಯೂ ಹೊರತೆಗೆದಿಡಿ. ಅದನ್ನು ಎಕ್ಸೆಲ್ ತೆರೆಯುತ್ತದೆ, ನೋಟ್‌ಪ್ಯಾಡೂ ತೆರೆಯುತ್ತದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಕ್ವಿಕನ್ ಎಂಬ ಮನೆ ಲೆಕ್ಕದ ತಂತ್ರಾಂಶಕ್ಕೆ ಪ್ರತಿವರ್ಷ ಹಣ ಕಟ್ಟುತ್ತಿದ್ದೇವೆ. ಮೊದಲು ಮೂರು ವರ್ಷಕ್ಕೊಮ್ಮೆ ಕೊಂಡರೆ ಸಾಕಿತ್ತು. ಚಂದಾ ನಿಲ್ಲಿಸಿದರೆ ಲೆಕ್ಕ ಹೋಗುತ್ತದೆಯೇ?

ಉತ್ತರ: ಆ ಮೂರು ವರ್ಷದ ಗಡುವು ನೀವು ಇಟ್ಟುಕೊಂಡದ್ದಲ್ಲ, ಕಂಪನಿ ಹಾಕಿದ್ದು. ಆವೃತ್ತಿಗೆ ಸುಮಾರು ಮೂರು ವರ್ಷವಾದ ಮೇಲೆ ಬ್ಯಾಂಕಿನಿಂದ ವಹಿವಾಟು ಇಳಿಸಿಕೊಳ್ಳುವ ಸೌಲಭ್ಯ ನಿಲ್ಲುತ್ತಿತ್ತು. ಅದರ ಮೊದಲಿನ ಒಡೆಯ ಕಂಪನಿ ಇನ್‌ಟ್ಯೂಟ್ 2016ರಲ್ಲಿ ಕ್ವಿಕನ್ ಅನ್ನು ಎಚ್.ಐ.ಜಿ. ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು, 2018ರ ಆವೃತ್ತಿಯಿಂದ ಚಂದಾ ಪದ್ಧತಿ ಬಂತು. ಈಗ ಯಾವಾಗ ಅಪ್‌ಗ್ರೇಡ್ ಮಾಡಬೇಕು ಎಂಬ ಪ್ರಶ್ನೆ ನಿಮ್ಮ ಮುಂದಿಲ್ಲ. ಬ್ಯಾಂಕಿನ ಜೊತೆಗಿನ ಜೋಡಣೆಗೆ ವರ್ಷಕ್ಕೆ ಇಷ್ಟು ಹಣ ಕೊಡಬಹುದೇ ಎಂಬುದಷ್ಟೇ ಇದೆ. ಕ್ವಿಕನ್ ಕ್ಲಾಸಿಕ್ ಡಿಲಕ್ಸ್ ಅಥವಾ ಅದಕ್ಕಿಂತ ಮೇಲಿನದಾಗಿದ್ದರೆ, ಚಂದಾ ಮುಗಿದರೂ ಹಳೆಯ ಲೆಕ್ಕ ನೋಡಬಹುದು, ಕೈಯಾರೆ ಬರೆಯಲೂಬಹುದು. ಬ್ಯಾಂಕಿನಿಂದ ತಾನಾಗಿ ಬರುವುದು ಮಾತ್ರ ನಿಲ್ಲುತ್ತದೆ. ಮೂರ್ನಾಲ್ಕು ಖಾತೆ ಮಾತ್ರ ಇರುವ ಮನೆಗೆ ವಾರಕ್ಕೆ ಅರ್ಧ ಗಂಟೆ ಕೈಬರಹವೇ ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತಾರು ಕಾರ್ಡು, ನಿವೃತ್ತಿ ಖಾತೆಗಳಿದ್ದರೆ ಹಣ ಕಟ್ಟಿ. ನಿಲ್ಲಿಸುವ ತೀರ್ಮಾನ ಮಾಡಿದರೆ ಚಂದಾ ಇರುವಾಗಲೇ ಲೆಕ್ಕವನ್ನು ಕ್ಯೂಐಎಫ್ (ಬೇರೆ ತಂತ್ರಾಂಶಕ್ಕೆ ಒಯ್ಯಬಹುದಾದ ಕ್ವಿಕನ್ ಮಾದರಿ) ಕಡತವಾಗಿ ಹೊರತೆಗೆಯಿರಿ, ಗ್ನೂಕ್ಯಾಶ್ ಅದನ್ನು ಓದುತ್ತದೆ.

ಪ್ರಶ್ನೆ: ಫೋನಿನ ಖರ್ಚಿನ ಆ್ಯಪ್ ವಾರಕ್ಕೊಮ್ಮೆ ಅಪ್‌ಡೇಟ್ ಕೇಳುತ್ತದೆ. ತಾನಾಗಿ ಆಗಲು ಬಿಡಬಹುದೇ? ವಾರ್ಷಿಕ ಚಂದಾ ಕಟ್ಟುವ ಯೋಚನೆಯೂ ಇದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಬಿಡಿ. ಇಂಥ ಹಲವು ಆ್ಯಪ್‌ಗಳು ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ಬರೆದುಕೊಳ್ಳುತ್ತವೆ, ಅಂಥದ್ದು ಹಳೆಯದಾಗಿರಬಾರದು. ಆದರೆ ಅಪ್‌ಡೇಟ್ ಆದ ಮೇಲೆ ಅದು ಹೊಸದಾಗಿ ಏನಾದರೂ ಅನುಮತಿ ಕೇಳಿದರೆ ನಿಂತು ಓದಿ. ಖರ್ಚು ಬರೆಯುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಎಂಬ ಖರ್ಚು-ಲೆಕ್ಕದ ಸೇವೆಯನ್ನು ಅದರ ಒಡೆಯರಾದ ಇನ್‌ಟ್ಯೂಟ್ 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಆ ಬಳಕೆದಾರರು ತಪ್ಪದೆ ಅಪ್‌ಡೇಟ್ ಮಾಡಿಕೊಂಡಿದ್ದರೂ ಸೇವೆ ಉಳಿಯಲಿಲ್ಲ. ಆದ್ದರಿಂದ ಚಂದಾ ಕಟ್ಟುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ‘ಎಕ್ಸ್‌ಪೋರ್ಟ್’ ಹುಡುಕಿ, ಒಂದು ತಿಂಗಳ ಲೆಕ್ಕವನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆದು ನೋಡಿ. ದಿನಾಂಕ, ಮೊತ್ತ, ಯಾವ ಬಾಬ್ತು ಎಂಬ ಮೂರೂ ಅದರಲ್ಲಿ ಕಾಣದಿದ್ದರೆ ಆ ಆ್ಯಪ್‌ಗೆ ಹಣ ಕಟ್ಟಬೇಡಿ.