ಓದುಗರ ಪ್ರಶ್ನೆ: ಹಾಯಿದೋಣಿಯಲ್ಲಿ ದಿನಕ್ಕೆ ಎಷ್ಟು ದ್ವೀಪ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮತ್ತು ಸೊಸೆ ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ವಾರ ಹಾಯಿದೋಣಿ ಬಾಡಿಗೆಗೆ ಪಡೆದು ನಮ್ಮನ್ನೂ ಕರೆದೊಯ್ಯುತ್ತೇವೆ ಎನ್ನುತ್ತಿದ್ದಾರೆ. ಮಗ ದೋಣಿ ನಡೆಸುವುದನ್ನು ಕಲಿತಿದ್ದಾನೆ. ನಾರ್ಮನ್, ಸಾಲ್ಟ್, ಕೂಪರ್, ವರ್ಜಿನ್ ಗೋರ್ಡಾ ದ್ವೀಪಗಳನ್ನು ಒಂದೇ ದಿನದಲ್ಲಿ ನೋಡಬಹುದು ಎಂಬುದು ಅವನ ಲೆಕ್ಕ. ನಮಗಿಬ್ಬರಿಗೂ ಅರವತ್ತು ದಾಟಿದೆ, ಈಜು ಬಾರದು, ನಮ್ಮ ಯಜಮಾನರಿಗೆ ಬಸ್ಸಿನಲ್ಲಿಯೇ ವಾಕರಿಕೆ ಬರುತ್ತದೆ. ನಾವು ಹೋಗಬಹುದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ. ಆದರೆ ದಿನಕ್ಕೆ ನಾಲ್ಕು ದ್ವೀಪಗಳ ಯೋಜನೆಯನ್ನು ಎರಡಕ್ಕೆ ಇಳಿಸುವಂತೆ ಮಗನಿಗೆ ಹೇಳಿ.

ಭೂಪಟದಲ್ಲಿ ಅವನ ಲೆಕ್ಕ ತಪ್ಪೇನಲ್ಲ. ಟೊರ್ಟೋಲಾ ದ್ವೀಪದ ದಕ್ಷಿಣಕ್ಕಿರುವ ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆಯ ಅಂಚಿನಲ್ಲಿ ಈ ದ್ವೀಪಗಳು ಸಾಲಾಗಿವೆ. ಒಂದರಿಂದ ಹೊರಟಾಗ ಮುಂದಿನದು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಆದರೆ ಅಲ್ಲಿ ವರ್ಷದ ಬಹುಭಾಗ ಗಾಳಿ ಪೂರ್ವದ ಕಡೆಯಿಂದಲೇ ಬೀಸುತ್ತದೆ. ನಾರ್ಮನ್‌ನಿಂದ ವರ್ಜಿನ್ ಗೋರ್ಡಾಗೆ ಹೋಗುವುದೆಂದರೆ ಆ ಗಾಳಿಗೆ ಎದುರಾಗಿ ಹೋಗುವುದು. ಹಾಯಿದೋಣಿ ನೇರವಾಗಿ ಎದುರುಗಾಳಿಗೆ ಸಾಗಲಾರದ್ದರಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ತಿರುಗುತ್ತ ಮುಂದುವರಿಯಬೇಕು, ಇದರಿಂದ ದೂರವೂ ಬೆಳೆಯುತ್ತದೆ, ಅಲೆಯ ಹೊಡೆತವೂ ಹೆಚ್ಚುತ್ತದೆ. ಗಂಟೆಗೆ ಐದಾರು ನಾಟಿಕಲ್ ಮೈಲು, ಅಂದರೆ ಸುಮಾರು 10 ಕಿಲೋಮೀಟರ್ ವೇಗದ ದೋಣಿಗೆ ಇದು ಸಣ್ಣ ಮಾತಲ್ಲ. ಇದರ ಮೇಲೆ, ರಾತ್ರಿ ತಂಗಲು ದೋಣಿ ಕಟ್ಟುವ ತೇಲುಗುಂಡುಗಳು ಪ್ರವಾಸದ ಹಂಗಾಮಿನಲ್ಲಿ ಮಧ್ಯಾಹ್ನದ ಹೊತ್ತಿಗೇ ತುಂಬತೊಡಗುತ್ತವೆ, ಕತ್ತಲಾದ ಮೇಲೆ ದೋಣಿ ನಡೆಸಲು ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಬಿಡುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಎಂಟರೊಳಗೆ ಹೊರಟು, ಮಧ್ಯಾಹ್ನ ಎರಡು ಮೂರರೊಳಗೆ ತಂಗುವಲ್ಲಿ ದೋಣಿ ಕಟ್ಟಿಬಿಡುವುದು ಒಳ್ಳೆಯ ದಿನಚರಿ. ನಾರ್ಮನ್‌ನಲ್ಲಿ ರಾತ್ರಿ ಕಳೆದಿದ್ದರೆ, ಮರುದಿನ ಸಾಲ್ಟ್ ದ್ವೀಪದ ಬಳಿ ನಿಂತು ಕೂಪರ್ ತಲುಪಿದರೆ ಸಾಕು. ಸಾಲ್ಟ್ ದ್ವೀಪದಲ್ಲಿ ಉಪ್ಪಿನ ಕೊಳಗಳಿವೆ. ಬ್ರಿಟಿಷ್ ದೊರೆಗೆ ವರ್ಷಕ್ಕೊಂದು ಚೀಲ ಉಪ್ಪನ್ನು ಕಂದಾಯವಾಗಿ ಕಳಿಸುವ ಸಂಪ್ರದಾಯ ಅಲ್ಲಿನದು. ಅದರ ತೀರದಲ್ಲೇ 1867ರ ಅಕ್ಟೋಬರ್ 29ರ ಚಂಡಮಾರುತಕ್ಕೆ ಸಿಕ್ಕಿ ಬಂಡೆಗೆ ಬಡಿದು ಒಡೆದ ‘ರೋನ್’ ಎಂಬ ಅಂಚೆ ಹಡಗು ಮುಳುಗಿದೆ. ನೂರಕ್ಕೂ ಹೆಚ್ಚು ಜನ ಸತ್ತ ಜಾಗ ಅದು. ಮಕ್ಕಳು ನೀರಿಗಿಳಿದು ಅದರ ಅವಶೇಷ ನೋಡುವಾಗ ನೀವು ದೋಣಿಯಲ್ಲೇ ನೆರಳಿನಲ್ಲಿ ಕುಳಿತಿರಬಹುದು.

ವರ್ಜಿನ್ ಗೋರ್ಡಾಗೆ ಪೂರ್ತಿ ಒಂದು ದಿನ ಮೀಸಲಿಡಿ. ಅಲ್ಲಿನ ‘ಬಾತ್ಸ್’ ಎಂಬ ತೀರದಲ್ಲಿ ಮನೆ ಗಾತ್ರದ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಒರಗಿ ನಿಂತಿವೆ. ಚಿತ್ರದುರ್ಗದ ಕೋಟೆಯ ಬಂಡೆಗಳ ಸಂದಿಗಳಿಗೆ ಸಮುದ್ರದ ನೀರು ನುಗ್ಗಿದಂತೆ ಊಹಿಸಿಕೊಳ್ಳಿ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ದೋಣಿಯಲ್ಲಿ ಬಂದವರು ಡಿಂಗಿಯನ್ನು, ಅಂದರೆ ಜೊತೆಗಿರುವ ಪುಟ್ಟ ದೋಣಿಯನ್ನು, ದಡದಿಂದಾಚೆಗೆ ಕಟ್ಟಿರುವ ಹಗ್ಗಕ್ಕೆ ಬಿಗಿದು, ಅಲ್ಲಿಂದ ಈಜಿಕೊಂಡೇ ಮರಳು ಮುಟ್ಟಬೇಕು. ಈಜು ಬಾರದವರಿಗೆ ಈ ದಾರಿ ಬೇಡವೇ ಬೇಡ. ಸ್ಪ್ಯಾನಿಷ್ ಟೌನ್‌ನ ಬಂದರಿನಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಮೇಲ್ಗಡೆಯ ಪ್ರವೇಶದ್ವಾರಕ್ಕೆ ಹೋದರೆ, ಅಲ್ಲಿಂದ ಕಾಲುದಾರಿಯಲ್ಲಿ ನಿಧಾನವಾಗಿ ತೀರಕ್ಕೆ ಇಳಿಯಬಹುದು. ಬಂಡೆಗಳ ಒಳದಾರಿಯಲ್ಲಿ ಏಣಿ ಹತ್ತುವುದು, ಹಗ್ಗ ಹಿಡಿದು ಇಳಿಯುವುದು, ಬಗ್ಗಿ ತೆವಳುವುದು ಎಲ್ಲವೂ ಇರುವುದರಿಂದ ಮಂಡಿನೋವಿದ್ದರೆ ಅದನ್ನು ಮಕ್ಕಳಿಗೇ ಬಿಟ್ಟುಬಿಡಿ.

ಡಿಂಗಿಗೆ ಇಳಿಯುವಾಗ ಚೀಲವನ್ನು ಮೊದಲು ಕೊಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ಒಳಗಿರುವವರ ಮಣಿಕಟ್ಟು ಹಿಡಿದು, ಅದರ ನಡುಮಧ್ಯಕ್ಕೆ ಕಾಲಿಟ್ಟು ತಕ್ಷಣ ಕುಳಿತುಬಿಡಬೇಕು; ಅಂಚಿನ ಮೇಲೆ ಕಾಲಿಟ್ಟರೆ ಅದು ವಾಲುತ್ತದೆ. ಲೈಫ್ ಜಾಕೆಟ್ಟನ್ನು ಮೊದಲ ದಿನವೇ ತೊಟ್ಟು ಅಳತೆ ನೋಡಿಕೊಳ್ಳಿ.

ಯಜಮಾನರ ವಾಕರಿಕೆಯ ದೃಷ್ಟಿಯಿಂದ ಎರಡು ಒಡಲುಗಳ ಕ್ಯಾಟಮರಾನ್ ಒಳ್ಳೆಯದು, ಅದು ಒಂದು ಪಕ್ಕಕ್ಕೆ ಹೆಚ್ಚು ವಾಲುವುದಿಲ್ಲ. ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಕರಿಕೆ ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಗ್ಲಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ನಿಮ್ಮ ವೈದ್ಯರನ್ನು ಕೇಳದೆ ಮುಟ್ಟಬೇಡಿ. ತೆರೆದ ಸಮುದ್ರ ದಾಟಿ ಹೋಗಬೇಕಾದ ಅನೆಗಾಡಾ ದ್ವೀಪವನ್ನು ಈ ಸಲ ಬಿಟ್ಟುಬಿಡಿ.

ಊಟದ ಚಿಂತೆ ಬೇಡ. ದೋಣಿಯಲ್ಲಿ ಗ್ಯಾಸ್ ಒಲೆ ಇರುತ್ತದೆ, ಅಕ್ಕಿ, ಬೇಳೆ, ತರಕಾರಿ ಟೊರ್ಟೋಲಾದಲ್ಲಿರುವ ರಾಜಧಾನಿ ರೋಡ್ ಟೌನ್‌ನಲ್ಲಿ ಸಿಗುತ್ತವೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ಪ್ರಶ್ನೆ: ಇಂಥ ಪ್ರವಾಸಕ್ಕೆ ಯಾವ ತಿಂಗಳು ಸೂಕ್ತ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ, 2017ರ ಸೆಪ್ಟೆಂಬರ್ 6ರಂದು ‘ಇರ್ಮಾ’ ಈ ದ್ವೀಪಗಳನ್ನು ಧ್ವಂಸಗೊಳಿಸಿತ್ತು. ಡಿಸೆಂಬರ್ ಕೊನೆಯಲ್ಲಿ ಮತ್ತು ಜನವರಿಯಲ್ಲಿ ಗಾಳಿ ಬಿರುಸು. ಹಿರಿಯರನ್ನು ಕರೆದೊಯ್ಯುವವರಿಗೆ ಏಪ್ರಿಲ್, ಮೇ ತಿಂಗಳುಗಳೇ ಹಿತ, ನಮ್ಮ ಶಾಲಾ ರಜೆಗೂ ಹೊಂದುತ್ತವೆ. ಸೇಂಟ್ ಥಾಮಸ್ ಅಥವಾ ಪೋರ್ಟೊ ರಿಕೊ ಮೂಲಕ ಹೋಗುವುದಾದರೆ ಅವು ಅಮೆರಿಕಕ್ಕೆ ಸೇರಿದ್ದರಿಂದ ಅಮೆರಿಕದ ವೀಸಾ ಬೇಕು. ಬ್ರಿಟಿಷ್ ವರ್ಜಿನ್ ದ್ವೀಪಗಳ ಪ್ರವೇಶ ನಿಯಮ ಬೇರೆಯೇ ಇದೆ. ಟಿಕೆಟ್ ಕಾಯ್ದಿರಿಸುವ ಮುನ್ನ ಎರಡನ್ನೂ ನೋಡಿಕೊಳ್ಳಿ.